ಪರಾಮರ್ಶನ ಕಪಾಟಿನ ಪುಸ್ತಕಗಳು: ಓದುಗರ ಅಭಿಪ್ರಾಯ ಕೇಳುವ ಬಗೆ, ಪರೀಕ್ಷಿಸುವ ಬಗೆ

ನಿಘಂಟು, ವಿಶ್ವಕೋಶ, ಗ್ಯಾಝೆಟಿಯರು (ಜಿಲ್ಲಾವಾರು ಮಾಹಿತಿ ಗ್ರಂಥ), ಕಾನೂನು ಕೈಪಿಡಿ, ಹಕ್ಕಿ ಗುರುತಿಸುವ ಪುಸ್ತಕ ಇವನ್ನೆಲ್ಲ ಯಾರೂ ಮೊದಲ ಪುಟದಿಂದ ಕೊನೆಯವರೆಗೆ ಓದುವುದಿಲ್ಲ. ಆದ್ದರಿಂದ ಇವುಗಳ ಬಗ್ಗೆ ‘ಚೆನ್ನಾಗಿದೆ’, ‘ಸಂಗ್ರಹಯೋಗ್ಯ’ ಎಂದು ಬರೆದ ಅಭಿಪ್ರಾಯದಿಂದ ಮುಂದಿನ ಓದುಗನಿಗೆ ಏನೂ ದಕ್ಕುವುದಿಲ್ಲ. ಮುಂಬಯಿಯ ಕನ್ನಡ ಸಂಘವೊಂದರ ವಾಚನಾಲಯದಲ್ಲಿ ಪರಾಮರ್ಶನ ಕಪಾಟು ನೋಡಿಕೊಳ್ಳುವ ನಾನು ಓದುಗರನ್ನು ಕೇಳುವುದು ನಾಲ್ಕೇ ಸಂಗತಿ. ಏನು ಹುಡುಕಿದಿರಿ? ಯಾವ ಅಕ್ಷರದಲ್ಲಿ, ಯಾವ ಹೆಸರಿನಲ್ಲಿ ಹುಡುಕಿದಿರಿ? ಸಿಕ್ಕಿತೇ? ಸಿಗದಿದ್ದರೆ ಕೊನೆಗೆ ಅದು ಎಲ್ಲಿ ಸಿಕ್ಕಿತು?

ಇದಕ್ಕೆ ಐದು ಇಂಚು ಉದ್ದ, ಮೂರು ಇಂಚು ಅಗಲದ ಕಾರ್ಡು ಸಾಕು. ಹಿಂದಿನ ರಟ್ಟಿನ ಒಳಗಡೆ ಒಂದು ಕಾಗದದ ಜೇಬು ಅಂಟಿಸಿ ಅದರಲ್ಲಿಡುತ್ತೇನೆ. ಮೈದಾ ಅಂಟು ಹಚ್ಚಬಾರದು. ಬೆಳ್ಳಿಹುಳ, ಜಿರಳೆ ಎರಡಕ್ಕೂ ಅದು ಆಹಾರ. ಕಾರ್ಡಿನಲ್ಲಿ ಹೆಸರು ಬೇಡ, ಊರು ಬೇಕು. ಕುಂದಾಪುರದ ಕಡೆಯವರು ಹುಡುಕುವ ಪದವೇ ಬೇರೆ, ಇಂಡಿ–ಸಿಂದಗಿ ಕಡೆಯವರದೇ ಬೇರೆ. ಮುಂಬಯಿಯಲ್ಲಿ ಇವರಿಬ್ಬರೂ ಒಂದೇ ಮೇಜಿನ ಮುಂದೆ ಕೂರುತ್ತಾರೆ. ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಈ ಅನುಕೂಲವಿಲ್ಲ. ಒಂದೇ ಕೋಶ ಕರಾವಳಿಯವರಿಗೆ ಎಷ್ಟು ಒದಗುತ್ತದೆ, ಬಯಲುಸೀಮೆಯವರಿಗೆ ಎಷ್ಟು ಒದಗುತ್ತದೆ ಎಂಬುದು ಇಪ್ಪತ್ತು ಮೂವತ್ತು ಕಾರ್ಡು ತುಂಬಿದಾಗ ತಾನಾಗಿ ಕಾಣುತ್ತದೆ.

ಹೊಸ ನಿಘಂಟೊಂದನ್ನು ಕೊಳ್ಳುವ ಮೊದಲು ಹತ್ತು ಪದಗಳ ಚೀಟಿ ಹಿಡಿದು ಕೂರುತ್ತೇನೆ. ಅರ್ಥ ಚೆನ್ನಾಗಿ ಗೊತ್ತಿರುವ ಪದಗಳೇ ಅದರಲ್ಲಿ ಹೆಚ್ಚಿರಬೇಕು, ಏಕೆಂದರೆ ಗೊತ್ತಿಲ್ಲದ ಪದಕ್ಕೆ ಕೋಶ ಏನು ಹೇಳಿದರೂ ನಂಬಿಬಿಡುತ್ತೇವೆ. ನನ್ನ ಚೀಟಿಯಲ್ಲಿ ಕೂರಿಗೆ, ರಂಟೆ, ಬದು, ಜಗುಲಿ, ಸುಗ್ಗಿ, ವಹಿವಾಟು, ತಗಾದೆ ಇರುತ್ತವೆ. ಜೊತೆಗೆ ಹಳಗನ್ನಡದ ಒಂದೆರಡು, ಈಚಿನ ಆಡಳಿತ ಕನ್ನಡದ ಒಂದೆರಡು. ಕೂರಿಗೆ ಎಂದರೆ ‘ಒಂದು ಬಗೆಯ ಕೃಷಿ ಉಪಕರಣ’ ಎಂದು ಬರೆದ ಕೋಶ ನನ್ನ ಲೆಕ್ಕದಲ್ಲಿ ಅಲ್ಲಿಗೇ ಸೋತಿತು. ಬೀಜ ಬಿತ್ತುವ ಸಾಧನ ಎಂದಾದರೂ ಹೇಳಬೇಕು. ಒಳ್ಳೆಯ ಕೋಶ ಅದರ ತಾಳುಗಳ, ಅಂದರೆ ಸಾಲು ಕೊರೆಯುವ ಕಾಲುಗಳ, ಮಾತನ್ನೂ ಎತ್ತುತ್ತದೆ. ಆಮೇಲೆ ಒಂದು ಅರ್ಥದಲ್ಲಿ ಬಂದ ಪದವನ್ನು ಹಿಡಿದು ಅದರ ನಮೂದನ್ನು ತೆಗೆಯುವುದು. ಅ ನೋಡಿದರೆ ಆ, ಆ ನೋಡಿದರೆ ಮತ್ತೆ ಅ ಎಂದು ಸುತ್ತಿಸುವ ಕೋಶಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ಅವುಗಳಿಗೆ ಜಾಗ ಕೊಡಬಾರದು.

‘ಈ ಪದ ಇಲ್ಲ’ ಎಂದು ಓದುಗರು ಬರೆದ ಕಾರ್ಡುಗಳಲ್ಲಿ ಬಹಳಷ್ಟು ಪದಗಳು ಪುಸ್ತಕದಲ್ಲಿ ಇದ್ದೇ ಇರುತ್ತವೆ. ಹುಡುಕಿದ ಜಾಗ ತಪ್ಪಿರುತ್ತದೆ, ಅದಕ್ಕೆ ಕಾರಣಗಳೂ ಖಚಿತವಾಗಿವೆ. ಅನುಸ್ವಾರದ ಪದಗಳನ್ನು, ಅಂದರೆ ಅಂಕ, ಅಂಗಡಿಯಂಥವನ್ನು, ಎಲ್ಲ ಕೋಶಗಳೂ ಒಂದೇ ಕಡೆ ಇಡುವುದಿಲ್ಲ. ಕೆಲವು ಅಕ್ಷರದ ಆರಂಭದಲ್ಲಿ, ಕೆಲವು ಕೊನೆಯಲ್ಲಿ, ಕೆಲವು ವರ್ಗದ ಅನುನಾಸಿಕದ (ಙ, ಞ, ಣ, ನ, ಮ) ಜಾಗದಲ್ಲಿ ಇಡುತ್ತವೆ. ‘ಕ್ಷ’ವನ್ನು ಕಕಾರದೊಳಗೆ ಇಡುವವರೂ ಇದ್ದಾರೆ, ಹಕಾರ ಮುಗಿದ ಮೇಲೆ ಇಡುವವರೂ ಇದ್ದಾರೆ. ಹಳಗನ್ನಡಕ್ಕೆ ಜಾಗ ಕೊಟ್ಟ ಕೋಶಗಳಲ್ಲಿ ಹಕಾರದ ಪದ ಸಿಗದಿದ್ದರೆ ಪಕಾರಕ್ಕೆ ಹೋಗಬೇಕು: ಹಾಲು ಪಾಲ್ ಆಗಿ, ಹುಲಿ ಪುಲಿಯಾಗಿ, ಹೋಗು ಪೋಗು ಆಗಿ ಅಲ್ಲಿ ಕೂತಿರುತ್ತವೆ. ಆರು ಎಂಬ ಸಂಖ್ಯೆ ಹಿಂದೆ ಆಱು, ಬಾಳೆ ಹಿಂದೆ ಬಾೞೆ. ಱ, ೞಗಳನ್ನು ಬೇರೆ ಅಕ್ಷರವಾಗಿ ಎಣಿಸಿದ ಕೋಶದಲ್ಲಿ ಈ ಪದಗಳು ಹಲವು ಪುಟ ಆಚೆಗೆ ಸರಿಯುತ್ತವೆ. ಆದ್ದರಿಂದ ಪ್ರತಿ ನಿಘಂಟಿನ ಅಕ್ಷರಕ್ರಮವನ್ನೂ ಸಂಕ್ಷೇಪಗಳ ಪಟ್ಟಿಯನ್ನೂ ಝೆರಾಕ್ಸ್ ಮಾಡಿಸಿ, ಮುಂದಿನ ರಟ್ಟಿನ ಒಳಗೆ ಸಿಕ್ಕಿಸಿಡುತ್ತೇನೆ. ಇಷ್ಟು ಮಾಡಿದರೆ ‘ಇಲ್ಲ’ ಎಂಬ ದೂರು ಎದ್ದು ಕಾಣುವಷ್ಟು ಇಳಿಯುತ್ತದೆ.

ಕಿಟ್ಟೆಲ್ ಕೋಶ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದದ್ದು 1894ರಲ್ಲಿ. ಅರ್ಥಗಳು ಇಂಗ್ಲಿಷಿನಲ್ಲಿವೆ. ಅದರ ಬಗ್ಗೆ ಬರುವ ಕಾರ್ಡುಗಳಲ್ಲಿ ಅಕ್ಷರ ಸಣ್ಣದು ಎಂಬ ಗೊಣಗಾಟ ಇದ್ದೇ ಇರುತ್ತದೆ. ಭೂತಗನ್ನಡಿಯೊಂದನ್ನು ಪಕ್ಕದಲ್ಲಿಟ್ಟರೆ ಅದು ಮುಗಿಯಿತು. ಆದರೆ ನಮೂದಿನೊಳಗೆ ಅಡಗಿರುವ ಗಾದೆಗಳನ್ನು ಓದುಗರು ದಾಟಿಕೊಂಡು ಹೋಗುತ್ತಾರೆ. ಪದದ ಬಳಕೆ ತೋರಿಸಲು ಕಿಟ್ಟೆಲ್ ಗಾದೆಗಳನ್ನು ಧಾರಾಳವಾಗಿ ಕೊಟ್ಟಿದ್ದಾರೆ, ಮತ್ತು ಆ ಭಾಗವೇ ಇವತ್ತಿಗೂ ಬೇರೆಲ್ಲೂ ಸುಲಭವಾಗಿ ಸಿಗದ ಸಾಮಗ್ರಿ. ಮದ್ರಾಸು ವಿಶ್ವವಿದ್ಯಾಲಯ ಎಂ. ಮರಿಯಪ್ಪ ಭಟ್ಟರ ಪರಿಷ್ಕರಣೆಯಲ್ಲಿ ನಾಲ್ಕು ಸಂಪುಟವಾಗಿ ತಂದದ್ದು ಬೇರೆ ಪುಸ್ತಕ. ಹಳೆಯದರ ಛಾಯಾಮುದ್ರಣ, ಈ ಪರಿಷ್ಕೃತ ಮುದ್ರಣ ಎರಡಕ್ಕೂ ಒಂದೇ ಕಾರ್ಡು ಇಟ್ಟರೆ ಅಭಿಪ್ರಾಯ ಕಲಸಿಹೋಗುತ್ತದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಬಂದಿತು. ಶಾಸನ, ಕಾವ್ಯ, ವಚನಗಳ ಪ್ರಯೋಗ ಸಮೇತ ಅರ್ಥ ಕೊಡುವ ಕೆಲಸ ಅದರದು. ‘ನಮ್ಮ ಕಡೆ ಆಡುವ ಮಾತು ಇದರಲ್ಲಿಲ್ಲ’ ಎಂದು ಯಾರಾದರೂ ಬರೆದರೆ ಆ ಮಾತು ನಿಜ, ಆದರೆ ಅದು ಪುಸ್ತಕದ ದೋಷವಾಗುವುದಿಲ್ಲ. ಬರವಣಿಗೆಯಲ್ಲಿ ಸಿಕ್ಕ ಪ್ರಯೋಗವೇ ಅದಕ್ಕೆ ಮುಖ್ಯ ಆಧಾರ. ತುಳುನಾಡಿನವರ ಪ್ರಶ್ನೆಗಳಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟು ಕೊಡುವಷ್ಟು ಉತ್ತರವನ್ನು ಕನ್ನಡ ಕೋಶ ಕೊಡಲಾರದು. ಬರೋ ಮತ್ತು ಎಮಿನೋ ಅವರ ದ್ರಾವಿಡ ಪದಮೂಲಕೋಶವನ್ನು ಹಿಂದಿನಿಂದ ತೆರೆಯಬೇಕು: ಮೊದಲು ಕನ್ನಡ ಪದಸೂಚಿ, ಅಲ್ಲಿ ಸಿಗುವ ಸಂಖ್ಯೆ, ಆ ಸಂಖ್ಯೆಯ ನಮೂದು. ಹಳೆಯ ಲೇಖನಗಳು 1961ರ ಮುದ್ರಣದ ಸಂಖ್ಯೆ ಕೊಟ್ಟಿರುತ್ತವೆ, ಅವು 1984ರ ಮುದ್ರಣಕ್ಕೆ ಹೊಂದುವುದಿಲ್ಲ. ಹೊಸದರ ನಮೂದುಗಳ ಕೊನೆಯಲ್ಲಿ ಹಳೆಯ ಸಂಖ್ಯೆಯನ್ನೂ ಕೊಟ್ಟಿರುವುದನ್ನು ನೋಡಿ ತಾಳೆ ಹಾಕಿಕೊಳ್ಳಬಹುದು.

ಕನ್ನಡ ವಾಚನಾಲಯದಲ್ಲಿ ಮರಾಠಿ ಕೋಶ ಏಕೆ ಎಂದು ಕೇಳುವವರಿಗೆ ನಾನು ಮೋಲ್ಸ್‌ವರ್ತ್ ಅವರ ಮರಾಠಿ–ಇಂಗ್ಲಿಷ್ ಕೋಶವನ್ನು ತೆರೆದು ತೋರಿಸುತ್ತೇನೆ. 1831ರದು, ಪರಿಷ್ಕರಣೆ 1857ರದು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿನ ಹೊಲಮನೆ ಕಾಗದಪತ್ರಗಳ ಎಷ್ಟೋ ಪದಗಳಿಗೆ ನಿಖರ ಅರ್ಥ ಸಿಗುವುದು ಈ ಕೋಶದಲ್ಲೇ. ಅಜ್ಜನ ಕಾಲದ ಹಿಸ್ಸೆ (ಪಾಲು) ಪತ್ರ ಹಿಡಿದು ಬರುವವರಿಗೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ.

ವಿಶ್ವಕೋಶದ ವಿಷಯದಲ್ಲಿ ಬೇರೊಂದು ಎಚ್ಚರ ಬೇಕು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ ಹದಿನಾಲ್ಕು ಸಂಪುಟ. 1969ರಲ್ಲಿ ಶುರುವಾಗಿ ಕೊನೆಯ ಸಂಪುಟ ಬಂದದ್ದು 2004ರಲ್ಲಿ. ಅಂದರೆ ಒಂದು ಲೇಖನ ಎಷ್ಟು ಹಳೆಯದು ಎಂಬುದನ್ನು ಅದರ ಮೊದಲ ಅಕ್ಷರ ನಿರ್ಧರಿಸುತ್ತದೆ. ಅಕಾರದ ಲೇಖನ ಬರೆದಾಗ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಮೊದಲ ಸಂಪುಟಗಳ ಕಾಲಕ್ಕೆ ಗೋವಾ ಇನ್ನೂ ಕೇಂದ್ರಾಡಳಿತ ಪ್ರದೇಶ. ಅದು ರಾಜ್ಯವಾದದ್ದು 1987ರ ಮೇ 30ರಂದು. ಜನಸಂಖ್ಯೆ, ಉತ್ಪಾದನೆ, ರಸ್ತೆಯ ಉದ್ದ ಇಂಥ ಅಂಕಿಗಳನ್ನು ಬರೆದುಕೊಳ್ಳುವಾಗ ಆ ಸಂಪುಟದ ಮುದ್ರಣ ವರ್ಷವನ್ನೂ ಪಕ್ಕದಲ್ಲಿ ಬರೆಯಲೇಬೇಕು. ನಾನು ಪ್ರತಿ ಸಂಪುಟದ ಬೆನ್ನಿನ ಮೇಲೆ, ಅಕ್ಷರವ್ಯಾಪ್ತಿಯ ಕೆಳಗೆ, ವರ್ಷದ ಚೀಟಿ ಅಂಟಿಸಿದ್ದೇನೆ. ‘ಹಳತಾಗಿದೆ’ ಎಂದು ಇಡೀ ಕೋಶವನ್ನು ತಳ್ಳಿಹಾಕುವ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಸಂಗೀತ, ಗಣಿತ, ಗಿಡಮೂಲಿಕೆ, ಇತಿಹಾಸದ ಲೇಖನಗಳ ಹೆಚ್ಚಿನ ಭಾಗ ಇವತ್ತಿಗೂ ನಿಲ್ಲುತ್ತದೆ.

ಅಟ್ಲಾಸಿನಲ್ಲಿ ಮುದ್ರಣ ವರ್ಷ ನಂಬುವಂತಿಲ್ಲ. ಹಳೆಯ ನಕ್ಷೆಗೆ ಹೊಸ ರಟ್ಟು ಹಾಕುವುದು ಸಾಮಾನ್ಯ. ಜಿಲ್ಲೆಗಳನ್ನು ನೋಡಬೇಕು. ಉಡುಪಿ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಬೇರೆಯಾಗಿ ಕಂಡರೆ 1997ರ ಈಚಿನದು. ಚಿಕ್ಕಬಳ್ಳಾಪುರ ಇದ್ದರೆ 2007ರ ನಂತರದ್ದು, ವಿಜಯನಗರ ಇದ್ದರೆ 2021ರ ನಂತರದ್ದು. ಮಹಾರಾಷ್ಟ್ರಕ್ಕೆ ಠಾಣೆಯಿಂದ ಒಡೆದ ಪಾಲ್ಘರ್ ನೋಡಿದರೆ ಸಾಕು, ಅದು 2014ರದು. ಕರಾವಳಿಯಲ್ಲಿ ರಾಯಗಡದ ಬದಲು ಕೊಲಾಬಾ ಎಂದಿದ್ದರೆ ಆ ನಕ್ಷೆ 1981ಕ್ಕೂ ಹಿಂದಿನದು.

ಮುಂಬಯಿ ಪ್ರಾಂತದ ಗ್ಯಾಝೆಟಿಯರುಗಳಲ್ಲಿ ಕನ್ನಡಿಗರಿಗೆ ಬೇಕಾದವು ನಾಲ್ಕು: ಕೆನರಾ (ಈಗಿನ ಉತ್ತರ ಕನ್ನಡ) 15ನೆಯ ಸಂಪುಟ, 1883ರದು, ಬೆಳಗಾವಿ 21, ಧಾರವಾಡ 22, ಬಿಜಾಪುರ 23, ಮೂರೂ 1884ರವು. ಇವುಗಳಷ್ಟು ಸಮೃದ್ಧವಾದ, ಇವುಗಳಷ್ಟು ತಪ್ಪಾಗಿ ಬಳಕೆಯಾಗುವ ಪುಸ್ತಕಗಳು ಕಪಾಟಿನಲ್ಲಿ ಬೇರೆ ಇಲ್ಲ. ಇವುಗಳಲ್ಲಿರುವ ಜನಸಂಖ್ಯೆ ಮುಖ್ಯವಾಗಿ 1881ರ ಗಣತಿಯದು. ಅದಕ್ಕೆ ನಾಲ್ಕೈದು ವರ್ಷ ಮುಂಚೆ 1876–78ರ ಬರ ಬಿದ್ದು ಬಿಜಾಪುರ ಸೀಮೆಯಲ್ಲಿ ಜನ ಸತ್ತು, ಗುಳೆ ಹೋಗಿ, ಸಂಖ್ಯೆ ಕುಸಿದಿತ್ತು. ಆ ಅಂಕಿಯನ್ನೇ ಬುನಾದಿಯಾಗಿ ಹಿಡಿದು ‘ಮುಂದೆ ಎಷ್ಟು ಬೆಳೆಯಿತು’ ಎಂದು ಲೆಕ್ಕ ಹಾಕಿದರೆ ಬೆಳವಣಿಗೆ ಉಬ್ಬಿ ಕಾಣುತ್ತದೆ. 1872ರ ಗಣತಿಯನ್ನೂ ಜೊತೆಗಿಡಬೇಕು. ಸೇರು, ಮಣ, ಖಂಡಿ ಇವು ತಾಲ್ಲೂಕಿಗೊಂದು ಬಗೆಯವು. ಆಯಾ ಸಂಪುಟದಲ್ಲೇ ಅಳತೆಯ ವಿವರ ನೋಡದೆ ಕಿಲೋಗೆ ತಿರುಗಿಸಬಾರದು. ಜಾತಿ, ಸ್ವಭಾವ ವರ್ಣಿಸುವ ಭಾಗಗಳು ಆಳುವವರ ಕಣ್ಣಿನಿಂದ ಬರೆದವು ಎಂಬುದನ್ನು ನೆನಪಿಟ್ಟು ಓದಬೇಕು. ಇವು ಗಣಕದಲ್ಲಿ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ಆದರೆ ಮೂಲದಲ್ಲಿ ದೀರ್ಘ ಸ್ವರಗಳ ಮೇಲೆ ಓರೆ ಗೆರೆ ಹಾಕಿ Dhárwár, Bijápur ಎಂದು ಅಚ್ಚು ಹಾಕಿದ್ದಾರೆ. ಆ ಗೆರೆಯನ್ನು ಗಣಕ ಬೇರೆ ಅಕ್ಷರವಾಗಿ ಓದಿಕೊಂಡಿರುವುದರಿಂದ ಮಾಮೂಲಿ ಕಾಗುಣಿತ ಕೊಟ್ಟರೆ ‘ಇಲ್ಲ’ ಎಂದು ಬರುತ್ತದೆ. ಗೆರೆ ಬೀಳದ ತುಂಡನ್ನು ಮಾತ್ರ ಹುಡುಕಬೇಕು, ಇಲ್ಲವೆ ಸೂಚಿ ನೋಡಿ ಪುಟಕ್ಕೆ ಹೋಗಬೇಕು.

ಹಕ್ಕಿ ಪುಸ್ತಕಗಳಿಗೆ ಮಕ್ಕಳ ಕಾರ್ಡೇ ಉತ್ತಮ. ಫೋಟೋ ಪುಸ್ತಕಕ್ಕಿಂತ ಬಿಡಿಸಿದ ಚಿತ್ರದ ಪುಸ್ತಕದಲ್ಲಿ ಬೇಗ ಗುರುತು ಸಿಕ್ಕಿತು ಎಂದು ಅವರು ಬರೆಯುತ್ತಾರೆ. ಕಾರಣ ಸರಳ: ಫೋಟೋದಲ್ಲಿ ನೆರಳು, ಭಂಗಿ ಬದಲಾಗುತ್ತವೆ, ಚಿತ್ರಗಾರ ಗುರುತಿನ ಪಟ್ಟೆಯನ್ನು ಎತ್ತಿ ತೋರಿಸುತ್ತಾನೆ. ಸಲೀಂ ಅಲಿಯವರ 1941ರ ಪುಸ್ತಕದ ಹಳೆಯ ಮುದ್ರಣಗಳಲ್ಲಿ ‘ಕ್ರೋ ಫೆಸೆಂಟ್’ ಎಂದಿರುವುದು ಈಗಿನ ‘ಗ್ರೇಟರ್ ಕೌಕಲ್’. ಕನ್ನಡದಲ್ಲಿ ಆಗಲೂ ಈಗಲೂ ಕೆಂಬೂತ. ಹಾಗೆಯೇ ‘ಕಿಂಗ್ ಕ್ರೋ’ ಈಗ ‘ಬ್ಲಾಕ್ ಡ್ರಾಂಗೊ’, ನಮಗೆ ಕಾಜಾಣ. ಹಳೆಯ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸ ಹೆಸರು ಬರೆದಿಟ್ಟರೆ ಸಾಕು.

ಹಳೆಯ ಸಂಪುಟಗಳಿಗಾಗಿ ನಾನು ನೋಡುವುದು ಫ್ಲೋರಾ ಫೌಂಟನ್ನಿನ ಪಾದಚಾರಿ ಅಂಗಡಿಗಳು, ಮಾಟುಂಗದ ಕಿಂಗ್ಸ್ ಸರ್ಕಲ್, ಪುಣೆಗೆ ಹೋದರೆ ಅಪ್ಪಾ ಬಳವಂತ ಚೌಕ. ಹಳೆಯ ಕನ್ನಡ ಪುಸ್ತಕ ರದ್ದಿಯವರ ಬಳಿ ತೂಕಕ್ಕೆ ಹೋಗುವುದೂ ಉಂಟು, ಅವರಿಗೆ ಮೊದಲೇ ಹೇಳಿಟ್ಟಿರಬೇಕು. ಕೊಳ್ಳುವ ಮುಂಚೆ ಪುಟಸಂಖ್ಯೆಯನ್ನು ಹದಿನಾರು ಹದಿನಾರರಂತೆ ನೆಗೆದು ನೋಡುತ್ತೇನೆ. ಪುಸ್ತಕ ಕಟ್ಟುವಾಗ ತಪ್ಪುವುದು ಇಡೀ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಸಿದ ಹದಿನಾರು ಪುಟ. ಒಂದು ಫಾರಂ ಬಿಟ್ಟುಹೋಗಿರುತ್ತದೆ, ಇಲ್ಲವೆ ಒಂದೇ ಫಾರಂ ಎರಡು ಬಾರಿ ಸೇರಿರುತ್ತದೆ. ಆಮೇಲೆ ಮಡಿಸಿದ ನಕ್ಷೆಗಳು. ಮೊದಲು ಮಾಯವಾಗುವವು ಅವೇ. ಛಾಯಾಮುದ್ರಣವಾದರೆ ಒತ್ತಕ್ಷರಗಳು ಅಳಿಸಿಹೋಗಿವೆಯೇ ಎಂದು ದಟ್ಟವಾದ ಪುಟವೊಂದನ್ನು ಬೆಳಕಿಗೆ ಹಿಡಿದು ನೋಡಬೇಕು. ಬೆನ್ನಿನ ಮೇಲ್ತುದಿಯಲ್ಲಿ ಮಡಿಕೆಗಳ ಗೊಂಚಲು ಕಂಡರೆ ಹೊಲಿಗೆ ಬೈಂಡಿಂಗ್; ಬರೀ ಅಂಟಿನದಾದರೆ ದಪ್ಪ ಕೋಶ ಝೆರಾಕ್ಸ್ ಯಂತ್ರದ ಮೇಲೆ ಒಮ್ಮೆ ಬಿದ್ದರೂ ಬೆನ್ನು ಸೀಳುತ್ತದೆ. ಮತ್ತೆ ಕಟ್ಟಿಸುವಾಗ ಅಂಚು ಕತ್ತರಿಸಬೇಡಿ ಎಂದು ಬೈಂಡರಿಗೆ ಬರೆದೇ ಕೊಡುತ್ತೇನೆ.

ಮಳೆಗಾಲದಲ್ಲಿ ಕಪಾಟನ್ನು ಹೊರಗೋಡೆಯಿಂದ ಕನಿಷ್ಠ ನಾಲ್ಕು ಇಂಚು ದೂರ ಸರಿಸಬೇಕು, ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲಿರಬೇಕು. ನುಸಿಗುಳಿಗೆ ಹುಳಕ್ಕೆ ಆಗುತ್ತದೆ, ಬೂಷ್ಟಿಗೆ ಆಗುವುದಿಲ್ಲ. ಬೂಷ್ಟಿಗೆ ಗಾಳಿಯಾಟ ಒಂದೇ ಮದ್ದು. ಬೂಷ್ಟು ಬಂದ ಪುಸ್ತಕವನ್ನು ಮೊದಲು ಬೇರೆ ಇಟ್ಟು, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ, ಆಮೇಲೆ ಹೊರಗೆ ಒಯ್ದು ಮೆತ್ತನೆಯ ಬ್ರಶ್‌ನಿಂದ ಉಜ್ಜಬೇಕು. ಒದ್ದೆಯಿದ್ದಾಗ ಒರೆಸಿದರೆ ಕಲೆ ಕಾಗದದೊಳಗೆ ಇಳಿಯುತ್ತದೆ.

ಕಾನೂನು ಕೈಪಿಡಿಗಳಿಗೆ ಮಾತ್ರ ಓದುಗರ ಕಾರ್ಡು ಬರುವ ತನಕ ಕಾಯುವುದಿಲ್ಲ. ಬೆನ್ನಿನ ಮೇಲೆ ಕೆಂಪು ಚೀಟಿ: ‘ಇಂಥ ದಿನಾಂಕದವರೆಗಿನ ಕಾನೂನು’. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆಯ 302 ಈಗ 103, ವಂಚನೆಯ 420 ಈಗ 318. ಆ ದಿನಕ್ಕಿಂತ ಮುಂಚಿನ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ಹಳೆಯ ಪುಸ್ತಕವನ್ನು ಎಸೆಯುವಂತಿಲ್ಲ, ಎರಡನ್ನೂ ಅಕ್ಕಪಕ್ಕ ಇಡಬೇಕು. ಹೋಟೆಲು ನಡೆಸುವವರು ಕೇಳುವ ಅಂಗಡಿ ಕಾಯ್ದೆಯ ಕೈಪಿಡಿ 1948ರ ಕಾಯ್ದೆಯದಾಗಿದ್ದರೆ ಸಾಲದು, ಮಹಾರಾಷ್ಟ್ರದಲ್ಲಿ ಈಗಿರುವುದು 2017ರದು. ಹೌಸಿಂಗ್ ಸೊಸೈಟಿಯ ಪುಸ್ತಕದಲ್ಲಿ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 154ಬಿ ಕಲಮುಗಳ ಅಧ್ಯಾಯ ಇದೆಯೇ ನೋಡಿ. ಅದು 2019ರ ತಿದ್ದುಪಡಿಯಿಂದ ಸೇರಿದ್ದು, ಇಲ್ಲದಿದ್ದರೆ ಆ ಪುಸ್ತಕ ಹಿಡಿದು ಸೊಸೈಟಿಯ ಸಭೆಗೆ ಹೋಗಬೇಡಿ.