ಎರಡು ಟ್ಯಾಂಗ್ ಮೀನುಗಳ ಜಗಳ ನಿಂತಿದ್ದು ಹೀಗೆ

ದಾವಣಗೆರೆಯ ನಮ್ಮ ಮನೆಯ ಉಪ್ಪುನೀರಿನ ಟ್ಯಾಂಕ್ 7 ಅಡಿ ಉದ್ದ, ಸುಮಾರು 990 ಲೀಟರ್. ಒಳಗೆ ಮೊದಲಿಂದ ಇದ್ದದ್ದು ಯೆಲ್ಲೋ ಟ್ಯಾಂಗ್. ಪರ್ಪಲ್ ಟ್ಯಾಂಗ್ ಬಿಟ್ಟ ಅರ್ಧ ಗಂಟೆಯಲ್ಲೇ ಹಳೇದು ಬಾಲದ ಬುಡದ ಮುಳ್ಳಿನಿಂದ ಅದರ ಮೈ ಗೀರಿತು. ಎರಡೂ ಜೆಬ್ರಾಸೋಮಾ ಅನ್ನುವ ಒಂದೇ ಕುಲದವು, ಒಂದೇ ಆಕಾರ. ಜಗಳ ಆಗದೆ ಇರುತ್ತಾ?

ಲೈಟ್ ಆರಿಸಿ ಬಿಟ್ಟೆ, ಬೆಳಗ್ಗೆ ಮತ್ತೆ ಅದೇ ಕತೆ. ಮೇವು ಜಾಸ್ತಿ ಹಾಕಿದೆ, ನೀರಲ್ಲಿ ನೈಟ್ರೇಟ್ (ಮೇವು, ಹೊಲಸಿನಿಂದ ಸೇರುವ ಕಶ್ಮಲ) ಏರಿತು ಅಷ್ಟೇ. ಹಳೇದು ತನ್ನ ಬಿಂಬದ ಜೊತೆ ಜಗಳ ಆಡಲಿ ಅಂತ ಗಾಜಿನ ಹೊರಗೆ ಕನ್ನಡಿ ಇಟ್ಟರೆ, ಕನ್ನಡಿ ಇರುವ ತನಕ ಮಾತ್ರ ಶಾಂತಿ.

ಕೊನೆಗೆ ಕೂಡಿಹಾಕಿದ್ದು ಹೊಸದನ್ನಲ್ಲ, ಹಳೇ ರೌಡಿಯನ್ನು. ಟ್ಯಾಂಕಿನ ಒಂದು ತುದಿಯ 2 ಅಡಿ ಜಾಗಕ್ಕೆ ಪ್ಲಾಸ್ಟಿಕ್ ಜಾಲರಿ ಅಡ್ಡ ಕಟ್ಟಿದೆ. ನೀರು ಒಂದೇ: 26 ಡಿಗ್ರಿ, ಸಾಂದ್ರತೆ 1.025. ಅದೇ ದಿನ ಕಲ್ಲುಗಳನ್ನೆಲ್ಲ ಕಿತ್ತು, ನಡುವೆ ಈಜಲು ಜಾಗ ಬಿಟ್ಟು ಎರಡು ಗುಡ್ಡೆ ಮಾಡಿದೆ. ಗುಡ್ಡೆಗಳಲ್ಲಿ ಆಚೆ ಈಚೆ ತೆರೆದ ಸಂದಿ ಇರಲೇಬೇಕು, ಇಲ್ಲದಿದ್ದರೆ ಓಡುವ ಮೀನು ಮೂಲೆಗೆ ಸಿಕ್ಕಿಬೀಳುತ್ತದೆ. ನೋರಿ (ಒಣಗಿಸಿದ ಸಮುದ್ರ ಪಾಚಿ) ಹಾಳೆಯನ್ನು ಜಾಲರಿಯ ಎರಡೂ ಬದಿಗೆ ಕ್ಲಿಪ್ ಹಾಕಿದೆ. ಎದುರುಬದುರು ತಿನ್ನುವುದು ರೂಢಿಯಾಗಲಿ ಅಂತ.

11ನೇ ದಿನ, ಲೈಟ್ ಆರಿ ಒಂದು ಗಂಟೆಯ ನಂತರ ಜಾಲರಿ ತೆಗೆದೆ. ಹಳೇದು ಎರಡು ದಿನ ಸ್ವಲ್ಪ ಅಟ್ಟಾಡಿಸಿತು, ಮುಳ್ಳು ಮಾತ್ರ ಬೀಸಲಿಲ್ಲ. ಕ್ಲಿಪ್ ಈಗಲೂ ಎರಡು ಇಟ್ಟಿದ್ದೇನೆ, ಎರಡು ತುದಿಗೆ.