ಎಕ್ಸೆಲ್ ಟೇಬಲ್‌ನಲ್ಲಿ ಬೇಕಾದ ಆಪ್ಷನ್ ಕಾಣುತ್ತಿಲ್ವಾ? ಮೊದಲು ಇಷ್ಟು ನೋಡಿ

ವೀಡಿಯೋದಲ್ಲಿ ಹೇಳಿಕೊಡುವವರು ‘ಟೇಬಲ್ ಡಿಸೈನ್‌ಗೆ ಹೋಗಿ, ಟೋಟಲ್ ರೋಗೆ ಟಿಕ್ ಹಾಕಿ’ ಅನ್ನುತ್ತಾರೆ. ಟೋಟಲ್ ರೋ ಅಂದರೆ ಟೇಬಲ್ ಕೊನೆಯಲ್ಲಿ ಮೊತ್ತ ತೋರಿಸುವ ಸಾಲು. ನಿಮ್ಮ ಎಕ್ಸೆಲ್‌ನಲ್ಲಿ ಹೋಮ್ ಇದೆ, ಇನ್ಸರ್ಟ್ ಇದೆ, ಡೇಟಾ ಇದೆ, ವ್ಯೂ ಇದೆ. ಟೇಬಲ್ ಡಿಸೈನ್ ಮಾತ್ರ ಎಲ್ಲೂ ಇಲ್ಲ. ಇಂಥ ಹೊತ್ತಿನಲ್ಲಿ ಬಹಳ ಜನ ಆಫೀಸನ್ನೇ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ, ಇಲ್ಲವೇ ‘ನಮ್ಮದು ಹಳೇ ವರ್ಷನ್ ಇರಬೇಕು’ ಅಂತ ಕೈಬಿಟ್ಟು ಕ್ಯಾಲ್ಕುಲೇಟರ್‌ನಲ್ಲಿ ಮೊತ್ತ ಹಾಕಿ ಟೈಪ್ ಮಾಡುತ್ತಾರೆ. ಎರಡೂ ಬೇಡ. ಆಪ್ಷನ್ ಸಾಮಾನ್ಯವಾಗಿ ಎಲ್ಲೂ ಹೋಗಿರುವುದಿಲ್ಲ.

ಎಕ್ಸೆಲ್ ಎಲ್ಲ ಆಪ್ಷನ್‌ಗಳನ್ನೂ ಎಲ್ಲ ಹೊತ್ತಿನಲ್ಲೂ ತೋರಿಸುವುದಿಲ್ಲ. ನೀವು ಯಾವ ಸೆಲ್‌ನಲ್ಲಿ ನಿಂತಿದ್ದೀರಿ, ಶೀಟ್ ಈಗ ಯಾವ ಸ್ಥಿತಿಯಲ್ಲಿದೆ, ಫೈಲ್ ಯಾವ ಬಗೆಯದು ಅನ್ನುವುದನ್ನು ನೋಡಿ ಮೆನು ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಮೊದಲು ಒಂದು ವಿಷಯ ಗಮನಿಸಿ. ಆಪ್ಷನ್ ಪೂರ್ತಿ ಕಾಣೆಯಾಗಿದೆಯಾ, ಇಲ್ಲಾ ಅಲ್ಲೇ ಇದ್ದು ಮಂಕಾಗಿ ಕ್ಲಿಕ್ ಆಗದೆ ಕೂತಿದೆಯಾ? ಇವೆರಡೂ ಬೇರೆ ಬೇರೆ ತೊಂದರೆಗಳು, ಪರಿಹಾರವೂ ಬೇರೆ. ಕಾಣೆಯಾಗಿದ್ದರೆ ನೀವು ಟೇಬಲ್ ಒಳಗೆ ಇಲ್ಲ ಅಂತ ಅರ್ಥ, ಹೆಚ್ಚಿನ ಸಲ. ಮಂಕಾಗಿದ್ದರೆ ಯಾವುದೋ ಒಂದು ಅದನ್ನು ತಡೆದಿದೆ.

ಟ್ಯಾಬೇ ಇಲ್ಲ ಅಂದರೆ

ನಿಮ್ಮ ಮುಂದಿರುವುದು ನಿಜಕ್ಕೂ ಟೇಬಲ್ ಹೌದಾ ಅಂತ ನೋಡಿ. ಗೆರೆ ಹಾಕಿ, ತಲೆಬರಹಕ್ಕೆ ಹಳದಿ ಬಣ್ಣ ಕೊಟ್ಟು, ಫಿಲ್ಟರ್ ಬಾಣ ಇಟ್ಟರೂ ಎಕ್ಸೆಲ್ ಲೆಕ್ಕದಲ್ಲಿ ಅದು ಟೇಬಲ್ ಅಲ್ಲ, ಬರೀ ಸೆಲ್‌ಗಳ ಗುಂಪು. ಟೇಬಲ್ ಆಗಿದ್ದರೆ ಕೊನೆಯ ಸಾಲಿನ ಬಲತುದಿಯ ಸೆಲ್‌ನಲ್ಲಿ, ಕೆಳಮೂಲೆಗೆ, ಒಂದು ಪುಟ್ಟ ಗುರುತು ಇರುತ್ತದೆ. ಅದನ್ನು ಹಿಡಿದು ಎಳೆದರೆ ಟೇಬಲ್ ದೊಡ್ಡದಾಗುತ್ತದೆ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಟೇಬಲ್ ಒಳಗೊಂದು ಸೆಲ್ ಕ್ಲಿಕ್ ಮಾಡಿ ಕೆಳಗೆ ಸ್ಕ್ರೋಲ್ ಮಾಡಿ. ತಲೆಬರಹದ ಸಾಲು ಕಣ್ಣಿಂದ ಮರೆಯಾದ ಕೂಡಲೇ ಮೇಲಿನ ಎ, ಬಿ, ಸಿ ಅಕ್ಷರಗಳ ಜಾಗಕ್ಕೆ ನಿಮ್ಮ ಕಾಲಂ ಹೆಸರುಗಳೇ ಬಂದರೆ ಅದು ಟೇಬಲ್. ಬರದಿದ್ದರೆ ಅಲ್ಲ. ಫಾರ್ಮುಲಾಸ್ ಟ್ಯಾಬ್‌ನ ನೇಮ್ ಮ್ಯಾನೇಜರ್ ತೆರೆದರೂ ಫೈಲ್‌ನಲ್ಲಿರುವ ಟೇಬಲ್‌ಗಳ ಹೆಸರು ಸಿಗುತ್ತವೆ. ಬೇರೆಯವರು ಕಳಿಸಿದ ಫೈಲ್ ಆದರೆ ನಾನು ಮೊದಲು ಅಲ್ಲೇ ನೋಡುತ್ತೇನೆ.

ಟೇಬಲ್ ಅಲ್ಲದಿದ್ದರೆ ಮಾಡಿಕೊಳ್ಳಿ. ಮಾಹಿತಿಯ ಒಳಗೆ ಯಾವುದಾದರೂ ಸೆಲ್‌ನಲ್ಲಿ ನಿಂತು ಕಂಟ್ರೋಲ್ ಮತ್ತು ಟಿ ಒತ್ತಿ. ಕೇಳುವ ಪುಟ್ಟ ಪೆಟ್ಟಿಗೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು ಓದಿಯೇ ಓಕೆ ಕೊಡಿ, ಏಕೆಂದರೆ ಮಧ್ಯೆ ಪೂರ್ತಿ ಖಾಲಿ ಸಾಲೊಂದು ಇದ್ದರೆ ಎಕ್ಸೆಲ್ ಅಲ್ಲಿಗೇ ನಿಂತುಬಿಡುತ್ತದೆ, ಕೆಳಗಿನ ಅರ್ಧ ಹೊರಗೇ ಉಳಿಯುತ್ತದೆ, ಆಮೇಲೆ ಆ ಕೆಳಗಿನ ಸಾಲಿನಲ್ಲಿ ನಿಂತಾಗ ‘ಈಗ ತಾನೇ ಇತ್ತಲ್ಲ, ಟ್ಯಾಬ್ ಎಲ್ಲಿ ಹೋಯಿತು’ ಅನಿಸುತ್ತದೆ. ತಲೆಬರಹ ಇದ್ದರೆ ‘ಮೈ ಟೇಬಲ್ ಹ್ಯಾಸ್ ಹೆಡರ್ಸ್’ಗೆ ಟಿಕ್ ಇರಲಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಯಾರೋ ಮುಂಚೆ ‘ಕನ್ವರ್ಟ್ ಟು ರೇಂಜ್’ ಒತ್ತಿರುತ್ತಾರೆ. ಟೇಬಲ್ ಹೋಗಿರುತ್ತದೆ, ಆದರೆ ಒಂದು ಬಿಟ್ಟು ಒಂದು ಸಾಲಿನ ನೀಲಿ ಪಟ್ಟಿ ಹಾಗೇ ಉಳಿದಿರುತ್ತದೆ. ನೋಡಲು ಪಕ್ಕಾ ಟೇಬಲ್! ಬಣ್ಣವನ್ನು ನಂಬಬೇಡಿ, ಮೂಲೆಯ ಗುರುತನ್ನು ನಂಬಿ.

ಟೇಬಲ್ ಹೌದು, ಆದರೂ ಟ್ಯಾಬ್ ಇಲ್ಲವಾ? ಕರ್ಸರ್ ಟೇಬಲ್ ಹೊರಗಿರಬಹುದು. ಒಂದು ಸೆಲ್ ಆಚೆ ನಿಂತರೂ ಟ್ಯಾಬ್ ಮಾಯವಾಗುತ್ತದೆ, ಒಳಗೆ ಕ್ಲಿಕ್ ಮಾಡಿದರೆ ಬರುತ್ತದೆ. ಚಾರ್ಟ್ ಮೇಲೆ ಕ್ಲಿಕ್ ಮಾಡಿದ್ದರೆ ಚಾರ್ಟಿನ ಡಿಸೈನ್ ಟ್ಯಾಬ್ ಬಂದಿರುತ್ತದೆ, ಪಿವಟ್ ಟೇಬಲ್ (ಮಾಹಿತಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಸಾರಾಂಶ) ಮೇಲೆ ನಿಂತಿದ್ದರೆ ‘ಪಿವಟ್‌ಟೇಬಲ್ ಅನಲೈಜ್’ ಮತ್ತು ಅದರದೇ ಆದ ‘ಡಿಸೈನ್’ ಕಾಣುತ್ತವೆ. ಪಿವಟ್ ಟೇಬಲ್‌ಗೆ ಟೇಬಲ್ ಅಂತ ಹೆಸರಿದ್ದರೂ ಅದರ ಆಪ್ಷನ್‌ಗಳೇ ಬೇರೆ, ಟೋಟಲ್ ರೋ ಅಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹೆಸರೂ ವರ್ಷನ್‌ನಿಂದ ವರ್ಷನ್‌ಗೆ ಬದಲಾಗಿದೆ. ಟೇಬಲ್ ಬಂದದ್ದು ಎಕ್ಸೆಲ್ 2007ರಲ್ಲಿ. 2003ರಲ್ಲಿ ಇದಕ್ಕೆ ಹತ್ತಿರದ್ದು ‘ಲಿಸ್ಟ್’ ಇತ್ತು. 2007ರಿಂದ ಕೆಲವು ವರ್ಷ ‘ಟೇಬಲ್ ಟೂಲ್ಸ್’ ಅನ್ನುವ ಪಟ್ಟಿಯ ಕೆಳಗೆ ಬರೀ ‘ಡಿಸೈನ್’ ಅಂತ ಕಾಣುತ್ತಿತ್ತು. ಈಗಿನದರಲ್ಲಿ ‘ಟೇಬಲ್ ಡಿಸೈನ್’. ಮ್ಯಾಕ್‌ನಲ್ಲಿ ಬರೀ ‘ಟೇಬಲ್’ ಅಂತಲೂ ಇರಬಹುದು. ವೀಡಿಯೋದಲ್ಲಿ ಕಂಡ ಹೆಸರೇ ಬೇಕು ಅಂತ ಹುಡುಕಿದರೆ ಕಣ್ಣ ಮುಂದೆ ಇರುವುದೂ ಕಾಣದೆ ಹೋಗುತ್ತದೆ.

ಟ್ಯಾಬ್‌ಗಳ ಹೆಸರಷ್ಟೇ ಇದ್ದು ಕೆಳಗೆ ಬಟನ್‌ಗಳೇ ಇಲ್ಲದಿದ್ದರೆ ರಿಬ್ಬನ್, ಅಂದರೆ ಮೇಲಿನ ಬಟನ್‌ಗಳ ಪಟ್ಟಿ, ಮಡಚಿಕೊಂಡಿದೆ. ಕಂಟ್ರೋಲ್ ಮತ್ತು ಎಫ್1 ಒತ್ತಿ. ಕಿಟಕಿ ಚಿಕ್ಕದಾಗಿದ್ದರೆ ಬಟನ್‌ಗಳು ಒಂದರೊಳಗೊಂದು ಸೇರಿ ಪುಟ್ಟ ಐಕಾನ್ ಆಗಿರುತ್ತವೆ, ದೊಡ್ಡದು ಮಾಡಿ ನೋಡಿ.

ಇನ್ನು ರೈಟ್ ಕ್ಲಿಕ್ ಮೆನು. ಟೇಬಲ್ ಒಳಗೆ ರೈಟ್ ಕ್ಲಿಕ್ ಮಾಡಿ ‘ಇನ್ಸರ್ಟ್’ಗೆ ಹೋದರೆ ಮೇಲೆ ಸಾಲು ಸೇರಿಸುವ, ಎಡಕ್ಕೆ ಕಾಲಂ ಸೇರಿಸುವ ಆಪ್ಷನ್ ಸಿಗುತ್ತದೆ. ಕೆಳಗೆ ಸಾಲು ಸೇರಿಸುವುದು ಎಲ್ಲಿ? ಅದು ಕೊನೆಯ ಸಾಲಿನಲ್ಲಿ ನಿಂತಾಗ ಮಾತ್ರ ಬರುತ್ತದೆ. ಬಲಕ್ಕೆ ಕಾಲಂ ಸೇರಿಸುವುದೂ ಅಷ್ಟೇ, ಕೊನೆಯ ಕಾಲಂನಲ್ಲಿ ನಿಂತಾಗ ಮಾತ್ರ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಕೊನೆಯಲ್ಲಿ ಸಾಲು ಸೇರಿಸಲು ಅಷ್ಟೆಲ್ಲ ಬೇಕಿಲ್ಲ. ಟೋಟಲ್ ರೋ ಹಾಕಿಲ್ಲದಿದ್ದರೆ ಕೊನೆಯ ಸೆಲ್‌ನಲ್ಲಿ ನಿಂತು ಟ್ಯಾಬ್ ಕೀ ಒತ್ತಿ, ಹೊಸ ಸಾಲು ತಾನೇ ಬರುತ್ತದೆ.

ಆಪ್ಷನ್ ಇದೆ, ಆದರೆ ಮಂಕಾಗಿದೆ

ಕೆಳಗೆ ಎಡಮೂಲೆಯಲ್ಲಿ, ಸ್ಟೇಟಸ್ ಬಾರ್‌ನಲ್ಲಿ, ಏನು ಬರೆದಿದೆ ನೋಡಿ. ‘ರೆಡಿ’ ಅಂತ ಇರಬೇಕು. ‘ಎಡಿಟ್’ ಅಥವಾ ‘ಎಂಟರ್’ ಅಂತ ಇದ್ದರೆ ನೀವು ಯಾವುದೋ ಸೆಲ್ ಒಳಗೆ ಟೈಪ್ ಮಾಡುತ್ತಾ ನಿಂತುಬಿಟ್ಟಿದ್ದೀರಿ, ಆ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಮೆನು ಮಂಕಾಗುತ್ತದೆ. ಎಸ್ಕೇಪ್ ಒತ್ತಿ. ಒಂದು ಎಚ್ಚರ, ಎಸ್ಕೇಪ್ ಒತ್ತಿದರೆ ಆ ಸೆಲ್‌ನಲ್ಲಿ ಅರ್ಧ ಟೈಪ್ ಮಾಡಿದ್ದು ಹೋಗುತ್ತದೆ. ಉಳಿಸಿಕೊಳ್ಳಬೇಕಾದರೆ ಎಂಟರ್ ಒತ್ತಿ.

ಈಗ ಮೇಲೆ ಟೈಟಲ್ ಬಾರ್ ನೋಡಿ. ಫೈಲ್ ಹೆಸರಿನ ಪಕ್ಕ ‘ಗ್ರೂಪ್’ ಅಂತ ಇದೆಯಾ? ಹಾಗಿದ್ದರೆ ಒಂದಕ್ಕಿಂತ ಹೆಚ್ಚು ಶೀಟ್ ಒಟ್ಟಿಗೆ ಸೆಲೆಕ್ಟ್ ಆಗಿವೆ. ಟೇಬಲ್ ಮಾಡುವುದು, ಕಂಡೀಷನಲ್ ಫಾರ್ಮ್ಯಾಟಿಂಗ್, ಡೇಟಾ ವ್ಯಾಲಿಡೇಷನ್, ಪಿವಟ್ ಇವೆಲ್ಲ ಆಗ ಕೆಲಸ ಮಾಡುವುದಿಲ್ಲ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆನು ಮಂಕಾಗುವುದು ಇಲ್ಲಿ ಚಿಕ್ಕ ತೊಂದರೆ. ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಶೀಟ್‌ನಲ್ಲಿ ಬಾಡಿಗೆ ಲೆಕ್ಕ ಇಟ್ಟಿದ್ದೀರಿ ಅಂದುಕೊಳ್ಳಿ. ಅವೆಲ್ಲ ಗ್ರೂಪ್ ಆಗಿರುವಾಗ ಜನವರಿಯಲ್ಲಿ ಒಂದು ಮೊತ್ತ ತಿದ್ದಿದರೆ ಅದೇ ಸೆಲ್ ಹನ್ನೆರಡೂ ಶೀಟ್‌ನಲ್ಲಿ ಬದಲಾಗುತ್ತದೆ, ಅದೂ ಒಂದು ಮಾತೂ ಕೇಳದೆ. ಕೆಳಗಿನ ಶೀಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನ್‌ಗ್ರೂಪ್ ಶೀಟ್ಸ್’ ಕೊಡಿ. ಆಮೇಲೆ ಉಳಿದ ಶೀಟ್‌ಗಳನ್ನು ತೆರೆದು, ಗೊತ್ತಿಲ್ಲದೆ ಏನಾದರೂ ಬದಲಾಗಿದೆಯಾ ಅಂತ ನೋಡಿ. ಆಗಿದ್ದರೆ ಫೈಲ್ ಮುಚ್ಚುವ ಮೊದಲೇ ಅನ್‌ಡೂ ಮಾಡಿಕೊಳ್ಳಿ.

ಹಳದಿ ಪಟ್ಟಿಯಲ್ಲಿ ‘ಪ್ರೊಟೆಕ್ಟೆಡ್ ವ್ಯೂ’ ಅಂತ ಬಂದಿದ್ದರೆ ಅದು ಇಮೇಲ್‌ನಿಂದಲೋ ಇಂಟರ್‌ನೆಟ್‌ನಿಂದಲೋ ಬಂದ ಫೈಲ್. ಕಳಿಸಿದವರು ಗೊತ್ತಿರುವವರಾದರೆ ‘ಎನೇಬಲ್ ಎಡಿಟಿಂಗ್’ ಒತ್ತಿ. ಗೊತ್ತಿಲ್ಲದವರು ಕಳಿಸಿದ ಫೈಲ್‌ಗೆ ಒತ್ತಬೇಡಿ, ಟೇಬಲ್ ಆಪ್ಷನ್‌ಗಿಂತ ಕಂಪ್ಯೂಟರ್ ಮುಖ್ಯ ಅಲ್ವಾ.

ಶೀಟ್‌ಗೆ ಬೀಗ ಹಾಕಿರುವುದು ಇನ್ನೊಂದು ಕಾರಣ, ಶಾಲೆ ಮತ್ತು ಆಫೀಸ್‌ಗಳಲ್ಲಿ ಇದೇ ಜಾಸ್ತಿ. ರಿವ್ಯೂ ಟ್ಯಾಬ್ ತೆರೆಯಿರಿ. ಅಲ್ಲಿ ‘ಪ್ರೊಟೆಕ್ಟ್ ಶೀಟ್’ ಅಂತಿದ್ದರೆ ಬೀಗ ಇಲ್ಲ, ‘ಅನ್‌ಪ್ರೊಟೆಕ್ಟ್ ಶೀಟ್’ ಅಂತಿದ್ದರೆ ಬೀಗ ಇದೆ. ಪಾಸ್‌ವರ್ಡ್ ಕೇಳಿದರೆ ಫೈಲ್ ಮಾಡಿದವರನ್ನೇ ಕೇಳಿ. ಬೀಗ ಹಾಕುವವರು ನೀವೇ ಆಗಿದ್ದರೆ ಎರಡು ಮಾತು ನೆನಪಿಡಿ. ಬೀಗ ಹಾಕುವಾಗ ಬರುವ ಪಟ್ಟಿಯಲ್ಲಿ ‘ಯೂಸ್ ಆಟೋಫಿಲ್ಟರ್’ಗೆ ಟಿಕ್ ಹಾಕಿದರೆ ಬೇರೆಯವರು ಫಿಲ್ಟರ್ ಬಳಸಬಹುದು, ಆದರೆ ಫಿಲ್ಟರ್ ಬಾಣಗಳು ಅದಕ್ಕೂ ಮುಂಚೆಯೇ ಇರಬೇಕು. ಎರಡನೆಯದು, ಬೀಗ ಬಿದ್ದ ಶೀಟ್‌ನಲ್ಲಿ ಟೇಬಲ್ ಬೆಳೆಯುವುದಿಲ್ಲ. ಸೆಲ್‌ಗಳನ್ನು ಅನ್‌ಲಾಕ್ ಮಾಡಿಟ್ಟರೂ ಹೊಸ ಸಾಲು ತಾನಾಗಿ ಸೇರುವುದಿಲ್ಲ. ಹತ್ತು ಜನ ದಿನವೂ ಹೊಸ ಸಾಲು ತುಂಬುವ ಶೀಟ್ ಆದರೆ ಅದಕ್ಕೆ ಬೀಗ ಹಾಕದಿರುವುದೇ ಒಳ್ಳೆಯದು, ಫಾರ್ಮುಲಾಗಳನ್ನು ಬೇರೆ ಶೀಟ್‌ಗೆ ಹಾಕಿ ಅದಕ್ಕೆ ಬೀಗ ಹಾಕಿ.

ಟೈಟಲ್ ಬಾರ್‌ನಲ್ಲಿ ‘ಶೇರ್ಡ್’ ಅಂತ ಇದ್ದರೆ ಅದು ಹಳೇ ಕಾಲದ ಶೇರ್ಡ್ ವರ್ಕ್‌ಬುಕ್. ಈಗಿನ ಒನ್‌ಡ್ರೈವ್ ಶೇರಿಂಗ್ ಅಲ್ಲ. ಆ ಹಳೇ ವಿಧಾನಕ್ಕೂ ಟೇಬಲ್‌ಗೂ ಆಗಿಬರುವುದಿಲ್ಲ, ಟೇಬಲ್ ಇರುವ ಫೈಲನ್ನು ಹಾಗೆ ಶೇರ್ ಮಾಡಲು ಬರುವುದಿಲ್ಲ, ಹಾಗೆ ಶೇರ್ ಆದ ಫೈಲ್‌ನಲ್ಲಿ ಟೇಬಲ್ ಮಾಡಲೂ ಬರುವುದಿಲ್ಲ. ರಿವ್ಯೂ ಟ್ಯಾಬ್‌ನಲ್ಲಿ ‘ಅನ್‌ಶೇರ್ ವರ್ಕ್‌ಬುಕ್’ ಇದ್ದರೆ ಅದನ್ನು ಒತ್ತಿ. ಅದಕ್ಕೂ ಮೊದಲು ಫೈಲನ್ನು ತೆರೆದಿಟ್ಟ ಬೇರೆಯವರಿಗೆ ಸೇವ್ ಮಾಡಿ ಮುಚ್ಚಲು ಹೇಳಿ, ಯಾರು ಏನು ಬದಲಾಯಿಸಿದರು ಅನ್ನುವ ಹಳೇ ದಾಖಲೆ ಬೇಕಿದ್ದರೆ ಒಂದು ಕಾಪಿ ಇಟ್ಟುಕೊಳ್ಳಿ, ಅನ್‌ಶೇರ್ ಮಾಡಿದರೆ ಅದು ಅಳಿಸಿಹೋಗುತ್ತದೆ.

ಸ್ಲೈಸರ್ (ಬಟನ್ ಒತ್ತಿ ಫಿಲ್ಟರ್ ಮಾಡುವ ಪೆಟ್ಟಿಗೆ) ಮಾತ್ರ ಮಂಕಾಗಿದೆಯಾ? ಟೈಟಲ್ ಬಾರ್‌ನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಇದೆಯಾ ನೋಡಿ. ಇದ್ದರೆ ಫೈಲ್ ಹಳೇ ಎಕ್ಸ್‌ಎಲ್‌ಎಸ್ ಬಗೆಯದು. ಅದರಲ್ಲಿ 65,536 ಸಾಲು ಮಾತ್ರ, ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲು. ಫೈಲ್ ಮೆನುವಿನ ‘ಇನ್ಫೋ’ದಲ್ಲಿ ‘ಕನ್ವರ್ಟ್’ ಕೊಟ್ಟು, ಫೈಲ್ ಮುಚ್ಚಿ ತೆರೆದರೆ ಸರಿಹೋಗುತ್ತದೆ. ಟೇಬಲ್‌ಗೆ ಸ್ಲೈಸರ್ ಬಂದದ್ದೇ ಎಕ್ಸೆಲ್ 2013ರಲ್ಲಿ, 2010ರಲ್ಲಿ ಪಿವಟ್‌ಗೆ ಮಾತ್ರ ಇತ್ತು. ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರಗಳ ಫೈಲ್) ಕಥೆ ಬೇರೆ. ಅದರಲ್ಲಿ ಟೇಬಲ್ ಮಾಡಬಹುದು, ಎಲ್ಲ ಆಪ್ಷನ್ನೂ ಕಾಣುತ್ತವೆ, ಆದರೆ ಸಿಎಸ್‌ವಿಯಾಗಿಯೇ ಸೇವ್ ಮಾಡಿ ನಾಳೆ ತೆರೆದರೆ ಟೇಬಲ್ ಇರುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿಕೊಂಡು ಕೆಲಸ ಮಾಡುವವರು ಮೊದಲೇ ಎಕ್ಸೆಲ್ ವರ್ಕ್‌ಬುಕ್ ಆಗಿ ಸೇವ್ ಮಾಡಿಕೊಳ್ಳಿ.

ಇನ್ಸರ್ಟ್ ಟ್ಯಾಬ್‌ನಲ್ಲಿ ಚಾರ್ಟ್, ಚಿತ್ರ, ಶೇಪ್ ಎಲ್ಲ ಮಂಕಾಗಿದ್ದರೆ ಒಮ್ಮೆ ಕಂಟ್ರೋಲ್ ಮತ್ತು 6 ಒತ್ತಿ ನೋಡಿ. ಗೊತ್ತಿಲ್ಲದೆ ಆ ಕೀ ಒತ್ತಿದರೆ ಆಬ್ಜೆಕ್ಟ್‌ಗಳೆಲ್ಲ ಅಡಗಿಬಿಡುತ್ತವೆ.

ಕೆಲವು ಮಂಕಾಗಿಯೇ ಇರುತ್ತವೆ

ಟೇಬಲ್ ಒಳಗೆ ‘ಮರ್ಜ್ ಆ್ಯಂಡ್ ಸೆಂಟರ್’ ಕೆಲಸ ಮಾಡುವುದಿಲ್ಲ. ಡೇಟಾ ಟ್ಯಾಬ್‌ನ ‘ಸಬ್‌ಟೋಟಲ್’ ಕೂಡ. ವ್ಯೂ ಟ್ಯಾಬ್‌ನ ‘ಕಸ್ಟಮ್ ವ್ಯೂಸ್’ ಅಂತೂ ಫೈಲ್‌ನಲ್ಲಿ ಎಲ್ಲೋ ಒಂದು ಟೇಬಲ್ ಇದ್ದರೂ ಮಂಕಾಗುತ್ತದೆ. ಇದು ದೋಷ ಅಲ್ಲ, ಟೇಬಲ್‌ನ ನಿಯಮ. ಪ್ರತಿ ಸಾಲೂ ಒಂದು ದಾಖಲೆ, ಪ್ರತಿ ಕಾಲಂಗೂ ಒಂದು ಹೆಸರು ಅಂತ ಇದ್ದರೇ ಸಾರ್ಟ್, ಫಿಲ್ಟರ್ ಸರಿಯಾಗಿ ನಡೆಯುವುದು, ನಡುವೆ ಸೆಲ್‌ಗಳನ್ನು ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ದೊಡ್ಡ ತಲೆಬರಹ ಬೇಕಾದರೆ ಟೇಬಲ್‌ನ ಮೇಲಿನ ಸಾಲಿನಲ್ಲಿ, ಹೊರಗೆ, ಬರೆದು ಅಲ್ಲಿ ಮರ್ಜ್ ಮಾಡಿ. ಸಬ್‌ಟೋಟಲ್ ಬದಲಿಗೆ ಟೋಟಲ್ ರೋ ಬಳಸಿ. ಅದರಲ್ಲಿ ಮೊತ್ತ ಆರಿಸಿದರೆ 109 ಅನ್ನುವ ಸಂಖ್ಯೆಯೊಂದಿಗೆ ಸಬ್‌ಟೋಟಲ್ ಫಂಕ್ಷನ್ನೇ ಬಂದು ಕೂರುತ್ತದೆ, ಅಂದರೆ ಫಿಲ್ಟರ್ ಮಾಡಿದಾಗ ಕಣ್ಣಿಗೆ ಕಾಣುವ ಸಾಲುಗಳ ಮೊತ್ತವನ್ನಷ್ಟೇ ಕೊಡುತ್ತದೆ. ಗುಂಪು ಗುಂಪಾಗಿ ಮೊತ್ತ ಬೇಕಾದರೆ ಪಿವಟ್ ಮಾಡಿ. ಸಬ್‌ಟೋಟಲ್ಲೇ ಬೇಕು ಅಂದರೆ ಶೀಟಿನ ಕಾಪಿ ಮಾಡಿಕೊಂಡು, ಆ ಕಾಪಿಯಲ್ಲಿ ಕನ್ವರ್ಟ್ ಟು ರೇಂಜ್ ಕೊಡಿ. ಮೂಲ ಟೇಬಲ್ ಮುಟ್ಟಬೇಡಿ.

ಗೂಗಲ್ ಶೀಟ್ಸ್‌ನಲ್ಲಿ ಕೆಲಸ ಮಾಡುವವರಿಗೆ: ಅಲ್ಲಿ ಟೇಬಲ್ ಬಂದದ್ದು 2024ರಲ್ಲಿ, ಫಾರ್ಮ್ಯಾಟ್ ಮೆನುವಿನ ‘ಕನ್ವರ್ಟ್ ಟು ಟೇಬಲ್’ನಲ್ಲಿ ಸಿಗುತ್ತದೆ. ಸಿಗದಿದ್ದರೆ ಮೊದಲು ‘ವ್ಯೂ ಓನ್ಲಿ’ ಅಂತ ಇದೆಯಾ ನೋಡಿ. ಒಂದೇ ಬ್ರೌಸರ್‌ನಲ್ಲಿ ಎರಡು ಗೂಗಲ್ ಖಾತೆ ಇದ್ದರೆ ತಿದ್ದುವ ಅನುಮತಿ ಇಲ್ಲದ ಖಾತೆಯಲ್ಲಿ ಫೈಲ್ ತೆರೆದಿರುವುದು ತುಂಬಾ ಸಾಮಾನ್ಯ. ಫೈಲ್ ಹೆಸರಿನ ಪಕ್ಕ ಎಕ್ಸ್‌ಎಲ್‌ಎಸ್‌ಎಕ್ಸ್ ಅನ್ನುವ ಪುಟ್ಟ ಗುರುತಿದ್ದರೆ ಅದು ಇನ್ನೂ ಎಕ್ಸೆಲ್ ಫೈಲೇ, ಫೈಲ್ ಮೆನುವಿನಲ್ಲಿ ‘ಸೇವ್ ಆ್ಯಸ್ ಗೂಗಲ್ ಶೀಟ್ಸ್’ ಕೊಡಿ.

ಇಷ್ಟಾದರೂ ಸಿಗದಿದ್ದರೆ

ಹೊಸ ಎಕ್ಸೆಲ್‌ನಲ್ಲಿ ಆಲ್ಟ್ ಮತ್ತು ಕ್ಯೂ ಒತ್ತಿ, ಬರುವ ಹುಡುಕು ಪೆಟ್ಟಿಗೆಯಲ್ಲಿ ಬೇಕಾದ ಆಪ್ಷನ್ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸಿಕ್ಕಿದರೆ ಅಲ್ಲಿಂದಲೇ ಬಳಸಬಹುದು, ಮೆನುವಿನಲ್ಲಿ ಎಲ್ಲಿದೆ ಅಂತ ಹುಡುಕುವ ಅಗತ್ಯವೇ ಇಲ್ಲ. ಯಾರಾದರೂ ರಿಬ್ಬನ್ ಬದಲಾಯಿಸಿರಬಹುದು ಅನಿಸಿದರೆ ಫೈಲ್, ಆಪ್ಷನ್ಸ್, ‘ಕಸ್ಟಮೈಜ್ ರಿಬ್ಬನ್’ಗೆ ಹೋಗಿ. ಬಲಗಡೆಯ ಪಟ್ಟಿಯನ್ನು ‘ಟೂಲ್ ಟ್ಯಾಬ್ಸ್’ಗೆ ಬದಲಿಸಿದರೆ ಟೇಬಲ್ ಟ್ಯಾಬ್‌ನ ಟಿಕ್ ತೆಗೆದಿದ್ದಾರಾ ಅಂತ ಗೊತ್ತಾಗುತ್ತದೆ. ಅಲ್ಲೇ ‘ರೀಸೆಟ್’ ಇದೆ, ಆದರೆ ನೀವು ಹಾಕಿಕೊಂಡ ಬಟನ್‌ಗಳೂ ಹೋಗುತ್ತವೆ.

ಆಡ್-ಇನ್‌ಗಳ (ಎಕ್ಸೆಲ್‌ಗೆ ಹೊರಗಿಂದ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳ) ಮೇಲೆ ಅನುಮಾನ ಇದ್ದರೆ ಕಂಟ್ರೋಲ್ ಕೀ ಒತ್ತಿ ಹಿಡಿದೇ ಎಕ್ಸೆಲ್ ತೆರೆಯಿರಿ, ಸೇಫ್ ಮೋಡ್ ಬೇಕಾ ಅಂತ ಕೇಳುತ್ತದೆ, ಹೌದು ಅನ್ನಿ. ಅಲ್ಲಿ ಎಲ್ಲ ಸರಿಯಾಗಿದ್ದರೆ ಆಡ್-ಇನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ.

ಬೇರೆಯವರ ಸಹಾಯ ಕೇಳುವುದಾದರೆ ಟೇಬಲ್ ಇರುವ ಜಾಗವನ್ನಷ್ಟೇ ಕತ್ತರಿಸಿ ಫೋಟೋ ಕಳಿಸಬೇಡಿ. ಮೇಲಿನ ಟೈಟಲ್ ಬಾರ್‌ನಿಂದ ಕೆಳಗಿನ ಸ್ಟೇಟಸ್ ಬಾರ್‌ವರೆಗೆ ಪೂರ್ತಿ ಕಿಟಕಿ ಕಾಣುವ ಸ್ಕ್ರೀನ್‌ಶಾಟ್ ಕಳಿಸಿ, ಟೇಬಲ್ ಒಳಗೆ ಒಂದು ಸೆಲ್ ಕ್ಲಿಕ್ ಮಾಡಿಟ್ಟು ತೆಗೆಯಿರಿ, ಜನರ ಹೆಸರು, ಫೋನ್ ನಂಬರ್ ಇದ್ದರೆ ಮುಚ್ಚಿ. ಫೈಲ್ ಮೆನುವಿನ ‘ಅಕೌಂಟ್’ನಲ್ಲಿ ಕಾಣುವ ವರ್ಷನ್ ಹೆಸರನ್ನೂ ಜೊತೆಗೆ ಬರೆಯಿರಿ.