ಮೂವತ್ತು ಕಿಲೋಮೀಟರ್ ದಾಟಿಸಿದ ಬಗೆ: ನಿಧಾನದ ಓಟ, ಸೋನಾ ಮಸೂರಿ ಅನ್ನ, ಬೆಲ್ಲದ ನೀರು

ಹತ್ತು ಕಿಲೋಮೀಟರ್ ಓಟದಲ್ಲಿ ನಮ್ಮ ಕೊಪ್ಪಳದ ಹುಡುಗರು ಸುಲಭವಾಗಿ ಯಾರಿಗೂ ಬಗ್ಗುವವರಲ್ಲ. ಮ್ಯಾರಥಾನ್‌ನಲ್ಲಿ ಮಾತ್ರ ಮೂವತ್ತು ಕಿಲೋಮೀಟರ್ ಕಳೆಯುತ್ತಿದ್ದಂತೆ ಕಾಲು ಎತ್ತಿಡಲಾಗದೆ ನಡೆಯತೊಡಗುತ್ತಿದ್ದರು. ಮನೋಬಲ ಸಾಲದು ಎಂದು ಜೊತೆಯ ತರಬೇತುದಾರರು ಹೇಳಿದರೆ, ಸಾಲದಿರುವುದು ಇಂಧನ ಎಂದು ನಾನು ವಾದಿಸುತ್ತಿದ್ದೆ. ಕಳೆದ ಚಳಿಗಾಲದಲ್ಲಿ ನನ್ನ ನಾಲ್ವರೂ ಎಲ್ಲಿಯೂ ನಡೆಯದೆ ಓಟ ಮುಗಿಸಿದರು. ಅವರಲ್ಲೊಬ್ಬ ತನ್ನ ಹಿಂದಿನ ಸಮಯಕ್ಕಿಂತ ಇಪ್ಪತ್ತು ನಿಮಿಷದಷ್ಟು ಮೊದಲೇ ಬಂದ. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಲೆಕ್ಕ ಹೀಗಿದೆ. ಅರವತ್ತು ಕೆ.ಜಿ. ತೂಕದವನಿಗೆ 42.195 ಕಿ.ಮೀ. ಓಡಲು ಸುಮಾರು 2,500 ಕಿಲೋ ಕ್ಯಾಲರಿ ಬೇಕು. ಸ್ನಾಯುಗಳಲ್ಲಿ 400 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು, ಇದೆಯೆಂದು ಹಿಡಿದರೂ ಸಿಗುವುದು 2,000. ಅದರಲ್ಲಿಯೂ ತೋಳಿನ ಸ್ನಾಯುವಿನಲ್ಲಿರುವುದು ಕಾಲಿಗೆ ಒದಗುವುದಿಲ್ಲ. ಮೈಯಲ್ಲಿರುವ ಕೊಬ್ಬಾದರೋ, ತೆಳ್ಳಗಿನ ಹುಡುಗನಲ್ಲಿಯೂ ಐದಾರು ಕೆ.ಜಿ. ಇದ್ದು, ಕೆ.ಜಿ.ಗೆ ಏಳು ಸಾವಿರಕ್ಕೂ ಮಿಕ್ಕಿ ಶಕ್ತಿ ಕೊಡಬಲ್ಲದು. ವೇಗ ಹೆಚ್ಚಿದಷ್ಟೂ ದೇಹ ಅದನ್ನು ಬಿಟ್ಟು ಗ್ಲೈಕೋಜನ್‌ಗೇ ಕೈ ಹಾಕುತ್ತದೆ.

ಈ ಕೊರತೆಯನ್ನು ದಾರಿಯಲ್ಲಿಯೇ ತುಂಬಲೆಂದು ಮೊದಲು ಹಣ ಹೋದದ್ದು ಜೆಲ್‌ಗಳಿಗೆ, ಅಂದರೆ ಓಡುತ್ತಲೇ ನುಂಗುವ ಗಟ್ಟಿ ಸಕ್ಕರೆ ಪಾಕದ ಪೊಟ್ಟಣಗಳಿಗೆ. ಒಂದಕ್ಕೆ ನೂರು ರೂಪಾಯಿಗೂ ಹೆಚ್ಚು, ಒಳಗಿರುವುದು ಇಪ್ಪತ್ತೈದು ಗ್ರಾಂ ಆಸುಪಾಸಿನ ಸಕ್ಕರೆ. ಅಭ್ಯಾಸಕ್ಕೂ ಸ್ಪರ್ಧೆಗೂ ಸೇರಿ ಒಂದೇ ಹಂಗಾಮಿನಲ್ಲಿ ಹತ್ತು ಹನ್ನೆರಡು ಸಾವಿರ ಕರಗಿತು. ನೀರು ಕುಡಿಯದೆ ನುಂಗಿದವರಿಗೆ ಹೊಟ್ಟೆ ಹಿಡಿದುಕೊಂಡಿತು. ಶೇಂಗಾ ಹೋಳಿಗೆಯನ್ನೂ ನೋಡಿದ್ದಾಯಿತು. ಕೊಬ್ಬಿನಂಶ ಹೆಚ್ಚಾದ್ದರಿಂದ ಅದು ಹೊಟ್ಟೆಯಿಂದ ಕೆಳಗಿಳಿಯುವುದು ತಡ, ಒಬ್ಬನಂತೂ ದಾರಿಯಲ್ಲಿಯೇ ಕಾರಿಕೊಂಡ.

ಕೊನೆಗೆ ಕೈಹಿಡಿದದ್ದು ಬೆಲ್ಲ. ಒಂದು ಲೀಟರ್ ನೀರಿಗೆ ಒಂದು ಹಿಡಿ, ಅಂದರೆ ಎಪ್ಪತ್ತು ಗ್ರಾಂನಷ್ಟು ಪುಡಿಬೆಲ್ಲ, ಕಾಲು ಚಮಚ ಉಪ್ಪು. ಮರಳು ಉಳಿಯದಂತೆ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಬೇಕು. ಬೆಲ್ಲದ ಸಕ್ಕರೆ ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ಬೇರೆ ಬೇರೆ ದಾರಿಯಿಂದ ರಕ್ತ ಸೇರುತ್ತದೆ. ಮೊದಲ ಐದು ಕಿಲೋಮೀಟರಿನಿಂದಲೇ ನಾಲ್ಕೈದು ಗುಟುಕಿನಂತೆ ಆರಂಭಿಸಿ ತಾಸಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಕುಡಿಸುತ್ತೇನೆ. ಲೀಟರಿಗೆ ನಾಲ್ಕೈದು ರೂಪಾಯಿಯೂ ಬೀಳುವುದಿಲ್ಲ. ಇಪ್ಪತ್ತೈದನೆಯ ಕಿಲೋಮೀಟರಿನ ಬಾಟಲಿಗೆ ನಾನು ಸೇರಿಸುವ ಇನ್ನೊಂದು ಪದಾರ್ಥವಿದೆ. ಅದನ್ನು ಸದ್ಯಕ್ಕೆ ನನ್ನ ಹುಡುಗರಿಗಷ್ಟೇ ಬಿಟ್ಟಿದ್ದೇನೆ.

ಹೆಚ್ಚಿನ ವಿರೋಧ ಬಂದದ್ದು ಅನ್ನಕ್ಕೆ. ಸ್ಪರ್ಧೆಗೆ ಎರಡು ದಿನ ಮುಂಚೆ ಜೋಳದ ರೊಟ್ಟಿ, ಪುಂಡಿಪಲ್ಯ ಬಿಡಿಸಿ ಗಂಗಾವತಿಯ ಸೋನಾ ಮಸೂರಿ ಅನ್ನವನ್ನೇ ಮೂರು ಹೊತ್ತು ಉಣ್ಣಿಸುತ್ತೇನೆ. ನಾರು ಕಡಿಮೆಯಾಗುವುದರಿಂದ ಹೊಟ್ಟೆ ಹಗುರಾಗಿರುತ್ತದೆ, ಗ್ಲೈಕೋಜನ್ ತುಂಬುತ್ತದೆ. ‘ರೊಟ್ಟಿ ಬಿಡಿಸಿ ಬರೇ ಅನ್ನ ಉಣಿಸಿದ್ರ ಹುಡುಗಗ ಕಸುವು ಎಲ್ಲಿಂದ ಬರಬೇಕ್ರಿ ಸರ?’ ಎಂದು ಒಬ್ಬನ ತಾಯಿ ಮೈದಾನಕ್ಕೇ ಬಂದು ಕೇಳಿದರು. ತೂಕ ನೋಡಿದರೆ ಒಂದು ಕೆ.ಜಿ.ಗೂ ಹೆಚ್ಚು ಏರಿರುತ್ತದೆ, ಹುಡುಗರು ಗಾಬರಿಯಾಗುತ್ತಾರೆ. ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆಯಾದ್ದರಿಂದ ಆ ಏರಿಕೆ ಕಂಡರೆ ನನಗೆ ಸಮಾಧಾನ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಧಾನದ ಓಟ. ಮುನಿರಾಬಾದಿನ ಎಡದಂಡೆ ಕಾಲುವೆಯ ಏರಿಯ ಮೇಲೆ, ಪಕ್ಕದವನೊಡನೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗದಲ್ಲಿ, ವಾರದ ಓಟದ ಮುಕ್ಕಾಲು ಪಾಲನ್ನು ಮಾಡಿಸಿದೆ. ನಿಧಾನ ಓಡಿದವರು ನಿಧಾನವೇ ಆಗುತ್ತಾರೆ ಎಂದು ಕೆಲವರು ಎಂದರು. ಮೂರು ನಾಲ್ಕು ತಿಂಗಳು ಏನೂ ಕಾಣದಿದ್ದುದೂ ನಿಜ. ಆಮೇಲೆ ಅದೇ ವೇಗಕ್ಕೆ ಎದೆಬಡಿತ ನಿಮಿಷಕ್ಕೆ ಹತ್ತು ಹನ್ನೆರಡು ಇಳಿಯಿತು. ಸ್ನಾಯುಗಳು ಕೊಬ್ಬನ್ನು ಹೆಚ್ಚಾಗಿ ಉರಿಸತೊಡಗಿದ ಗುರುತು ಅದೆಂದೇ ನಾನು ಎಣಿಸಿದೆ.

ಏಕಾದಶಿಯ ಉಪವಾಸದಲ್ಲಿ ಬೆಳಗಿನ ಓಟವನ್ನೂ ಪರೀಕ್ಷಿಸಿದೆ. ತಾಸಿನವರೆಗೆ ನಿಧಾನ ಓಡಿದರೆ ತೊಂದರೆಯಿಲ್ಲ, ವೇಗ ಏರಿಸಿದರೆ ತಲೆ ತಿರುಗುತ್ತದೆ. ಬಿಸಿಲಿನಲ್ಲಿ ಗ್ಲೈಕೋಜನ್ ಇನ್ನೂ ಬೇಗ ಮುಗಿಯುವುದರಿಂದ ಮಾರ್ಚ್ ಬಂತೆಂದರೆ ಐದು ಗಂಟೆಗೆ ಮುಂಚೆಯೇ ಕಾಲುವೆಯ ಏರಿ ಹತ್ತುತ್ತೇವೆ. ದೀರ್ಘ ಓಟ ಮುಗಿದ ಅರ್ಧ ತಾಸಿನೊಳಗೆ ಬುತ್ತಿಯ ಮೊಸರನ್ನ ಬಿಚ್ಚಿಸುತ್ತೇನೆ, ಏಕೆಂದರೆ ಖಾಲಿಯಾದ ಸ್ನಾಯು ಗ್ಲೂಕೋಸನ್ನು ವೇಗವಾಗಿ ಎಳೆದುಕೊಳ್ಳುವುದು ಮೊದಲ ಎರಡು ತಾಸಿನಲ್ಲಿಯೇ.